ಹೆಸರಿಗಷ್ಟೇ ಡೈರೆಕ್ಟರ್

ನನ್ನ ತಮ್ಮ ಲಿಫ್ಟ್ ರಿಪೇರಿ ಕಂಪನಿ ಶುರು ಮಾಡುವಾಗ, ಪ್ರೈವೇಟ್ ಲಿಮಿಟೆಡ್ ಆಗಬೇಕಾದರೆ ಇಬ್ಬರು ಡೈರೆಕ್ಟರುಗಳು ಬೇಕು ಎಂದ. "ಹೆಸರಿಗಷ್ಟ ಅಕ್ಕಾ. ನಿನ್ನ ಯಾರೂ ಏನೂ ಕೇಳಂಗಿಲ್ಲ." ನಾವು ಹುಬ್ಬಳ್ಳಿ ಕಡೆಯವರು; ಈ ಊರಲ್ಲಿ ಅವನಿಗೆ ನಾನು, ನನಗೆ ಅವನು. ಯಲಹಂಕದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡಿದ್ದ ನಾನು ಸಹಿ ಹಾಕಿ ಸುಮ್ಮನಾದೆ.

ಕೆಲವು ವರ್ಷ ಕಳೆದ ಮೇಲೆ ಆರ್.ಟಿ. ನಗರದ ಅಪಾರ್ಟ್‌ಮೆಂಟೊಂದರಲ್ಲಿ ಲಿಫ್ಟ್ ಜಾರಿ, ಒಳಗಿದ್ದ ವಯಸ್ಸಾದ ಹೆಂಗಸಿನ ಕಾಲು ಮುರಿಯಿತು. ಆ ಲಿಫ್ಟ್ ನೋಡಿಕೊಳ್ಳುತ್ತಿದ್ದದ್ದು ನಮ್ಮ ಕಂಪನಿ. ಲ್ಯಾಬಿನಲ್ಲಿದ್ದಾಗ ಪೊಲೀಸ್ ಸ್ಟೇಷನ್ನಿಂದ ಫೋನ್ ಬಂತು. "ಮೇಡಂ, ಕಂಪನಿ ಡೈರೆಕ್ಟರ್ ನೀವೇ ಅಲ್ವಾ? ನಾಳೆ ಬಂದು ಹೇಳಿಕೆ ಕೊಡಿ." ಅಲ್ಲ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು "ಹೌದು".

ಸಂಜೆಯೇ ಯಶವಂತಪುರದ ವಕೀಲೆಯೊಬ್ಬರ ಬಳಿ ಓಡಿದೆ. ನಾನು ಬರೀ ಹೆಸರಿಗೆ ಇದ್ದವಳು ಎಂದೆ.

"ಕಾನೂನಲ್ಲಿ ಹಂಗೊಂದು ಹುದ್ದೆ ಇಲ್ಲ ಕಣ್ರೀ. ಕಂಪನಿ ಬೇರೆ, ನೀವು ಬೇರೆ, ನಿಜ. ಅದರ ತಪ್ಪೆಲ್ಲಾ ತಾನಾಗೇ ನಿಮ್ಮ ತಲೆ ಮೇಲೆ ಬರಲ್ಲ. ಆದ್ರೆ ಗಮನ ಇಟ್ಟು ನೋಡ್ಕೊಳ್ಳೋದು ಡೈರೆಕ್ಟರ್ ಕರ್ತವ್ಯ. ನಿಮಗೇನ್ ಗೊತ್ತಿತ್ತು, ಗೊತ್ತಾದ್ಮೇಲೆ ಏನ್ ಮಾಡಿದ್ರಿ ಅಂತ ಕೇಳ್ತಾರೆ."

"ಈಗ್ಲೇ ರಾಜೀನಾಮೆ ಕೊಟ್ಬಿಟ್ರೆ?"

"ಕೊಡಿ. ಇದ್ದಷ್ಟು ಕಾಲದ್ದಕ್ಕೆ ಉತ್ತರ ಹೇಳೋದಂತೂ ತಪ್ಪಲ್ಲ."

ಮನೆಗೆ ಹೊರಟ ಬಸ್ಸು ಹೆಬ್ಬಾಳದ ಫ್ಲೈಓವರ್ ಹತ್ತಿದಾಗ ಕೆಂಪಾಪುರದ ಕಡೆಯ ಅಪಾರ್ಟ್‌ಮೆಂಟುಗಳು ಕಂಡವು. ಇವುಗಳಲ್ಲಿ ಯಾವುದರ ಲಿಫ್ಟ್ ನಮ್ಮದು? ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅದರೊಳಗೆ ಯಾರ್‍ಯಾರು ಹತ್ತಿ ಇಳಿಯುತ್ತಿದ್ದರೋ. ನನ್ನ ಸ್ಟಾಪ್ ಬಂದರೂ ಇಳಿಯದೆ ನೇರ ತಮ್ಮನ ಆಫೀಸಿಗೆ ಹೋದೆ. ಕಂಪನಿಯ ಮೀಟಿಂಗ್ ಎಂದು ನಿಜಕ್ಕೂ ನಾವಿಬ್ಬರು ಎದುರುಬದುರು ಕೂತದ್ದು ಅದೇ ಮೊದಲು.

"ಬ್ರೇಕ್ ಸವದೈತಿ ಅಂತ ಮೆಕ್ಯಾನಿಕ್ ಹೇಳಿದ್ದ," ಎಂದ ಅವನು ನೆಲ ನೋಡುತ್ತ. "ಮುಂದಿನ ವಾರ ಹೊಸಾದು ಹಾಕಸೋಣ ಅಂದಿದ್ದೆ."

"ಉಳಿದ ಲಿಫ್ಟ್ ಹೆಂಗದಾವು?"

ಅವನು ಮೇಜಿನ ಮೇಲಿದ್ದ ಫೈಲು ಮುಚ್ಚಿದ.

"ಎಲ್ಲಾ ನಿಲ್ಲಸು. ನೋಡಿಸಿದ ಮ್ಯಾಲೇ ಚಾಲೂ ಮಾಡು."

"ಗಿರಾಕಿ ಬಿಟ್ಟು ಹೋಗ್ತಾರ. ಲಿಫ್ಟಿನ ಬಗ್ಗೆ ನಿನಗೇನ್ ಗೊತ್ತೈತಿ?"

"ಗೊತ್ತಿಲ್ಲ. ಅದಕ್ಕ ಗೊತ್ತಿದ್ದವರನ್ನ ಕರಸು."

ಬೈದುಕೊಂಡೇ ನಿಲ್ಲಿಸಿದ. ಹೊರಗಿನ ಎಂಜಿನಿಯರ್ ಬಂದು ನೋಡಿದರೆ ಇನ್ನೂ ಎರಡರ ಬ್ರೇಕು ಅದೇ ಸ್ಥಿತಿ. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟದ್ದೂ ನಿಜ.

ಆ ಹೆಂಗಸು ಈಗ ಕೋಲೂರಿಕೊಂಡು ನಡೆಯುತ್ತಾರೆ. ನಾನು ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಟ್ಟಿದ್ದೆ. ಚಾರ್ಜ್‌ಶೀಟಿನಲ್ಲಿ ಆರೋಪಿ ತಮ್ಮ, ನಾನು ಸಾಕ್ಷಿ. ರಾಜೀನಾಮೆ ಕೊಡಲಿಲ್ಲ. ನಾನು ಬಿಟ್ಟರೆ ಬ್ರೇಕಿನ ಬಗ್ಗೆ ಅವನನ್ನು ಕೇಳುವವರು ಯಾರು?

ಮೊನ್ನೆ ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂತು. ತಮ್ಮ ನನ್ನ ಮನೆಗೆ ಬಂದ. ಕೂತವನೇ ಕೇಳಿದ, "ಕೋರ್ಟಿನ್ಯಾಗ ಏನ್ ಹೇಳ್ತೀ ಅಕ್ಕಾ?"

"ಆದದ್ದನ್ನ."

ಅವನು ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಊಟಕ್ಕೆ ಏನಿದೆ ಎಂದು ಕೇಳಿದ.