ಗಡಿಯಾಚೆಯ ಬೇಕರಿ

ನನ್ನ ಅಕ್ಕನ ಮಗಳಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆಯೇ ಇದೆ. ಮಾತು ಕಲಿತ ದಿನದಿಂದ ಯಾರು ಏನು ಹೇಳಿದರೂ ‘ಆದ್ರೆ’ ಎಂದೇ ಶುರುಮಾಡುತ್ತಿದ್ದುದರಿಂದ ಅವಳು ಎಲ್ಲರ ಬಾಯಲ್ಲಿ ಆದ್ರಮ್ಮ ಆಗಿಹೋದಳು. ಊಟಕ್ಕೆ ಬಾ ಎಂದರೆ ಆದ್ರೆ, ದೀಪ ಆರಿಸು ಎಂದರೆ ಆದ್ರೆ. ಇವಳು ವಕೀಲಿ ಮಾಡುವುದು ಖಂಡಿತ ಎಂದು ನಾವೆಲ್ಲ ತೀರ್ಮಾನಿಸಿ ಕೂತಿದ್ದೆವು. ಅವಳು ನಮಗೆ ಕೈಕೊಟ್ಟು, ಪರೀಕ್ಷೆ ಬರೆದು, ವಿದೇಶಾಂಗ ಇಲಾಖೆಯ ವಿಶ್ಲೇಷಣಾ ವಿಭಾಗಕ್ಕೆ ಸೇರಿಕೊಂಡಳು.

ಅಲ್ಲಿ ಏನು ಕೆಲಸ ಎಂಬುದನ್ನು ಹೊರಗೆ ಹೇಳುವಂತಿರಲಿಲ್ಲ. ಇದರಿಂದ ಮನೆಯವರಿಗೆ ಬಹಳ ಅನುಕೂಲವಾಯಿತು. ಯಾರು ಏನು ಬೇಕಾದರೂ ಊಹಿಸಿಕೊಳ್ಳಬಹುದಿತ್ತು. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದುಹೋಗುವ ಹೊತ್ತು ಬರೆದುಕೊಳ್ಳುವ ನನ್ನ ಭಾವ, ಕ್ಷೌರದಂಗಡಿಯಲ್ಲಿ ಕೂತು, “ಮಗಳು ಸರ್ಕಾರದ ಒಳಗಿನ ಕೆಲಸದಲ್ಲಿದ್ದಾಳೆ” ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ಅವರು ದನಿ ತಗ್ಗಿಸಿದರೆ ಅಂಗಡಿಯ ಹೊರಗೆ ನಿಂತವರಿಗೂ ಕೇಳಿಸುತ್ತಿತ್ತು.

ಅಕ್ಕನಿಗೆ ಮಾತ್ರ ಭಯ.

“ಪಿಸ್ತೂಲು ಕೊಟ್ಟಿದ್ದಾರೇನೇ?”

“ಕತ್ತರಿ ಕೊಟ್ಟಿದ್ದಾರಮ್ಮ.”

“ಅಯ್ಯೋ, ಕತ್ತರಿನಾ! ಅದ್ರಲ್ಲಿ ಚುಚ್ತೀರಾ?”

“ಪೇಪರ್ ಕತ್ತರಿಸ್ತೀವಿ.”

ಅಕ್ಕ ನನ್ನ ಕಡೆ ತಿರುಗಿ, “ನೋಡಿದ್ಯಾ, ಹೆತ್ತ ತಾಯಿಗೂ ಸುಳ್ಳು ಹೇಳೋದು ಕಲ್ಸಿದ್ದಾರೆ” ಎಂದಳು.

ಪಾಪ, ಹುಡುಗಿ ಹೇಳಿದ್ದು ಅಪ್ಪಟ ನಿಜ. ಅವಳಿದ್ದ ಕೋಣೆ ಉದ್ದಕ್ಕೆ ರೈಲು ಡಬ್ಬಿಯಂತಿತ್ತು. ಒಂದು ಕಿಟಕಿ ಮುಚ್ಚುತ್ತಿರಲಿಲ್ಲ, ಇನ್ನೊಂದು ತೆರೆಯುತ್ತಿರಲಿಲ್ಲ. ಪಕ್ಕದ ದೇಶದ ಸಣ್ಣ ಊರುಗಳ ಪತ್ರಿಕೆಗಳು ಕಟ್ಟುಕಟ್ಟಾಗಿ, ಹಳೆಯದಾಗಿ ಬರುತ್ತಿದ್ದವು. ಮದುವೆ, ಸಾವು, ನಲ್ಲಿ ನೀರು ಬಾರದ ಬೀದಿ, ಕಳೆದುಹೋದ ಎಮ್ಮೆ, ಹೀಗೆ ಎಲ್ಲವನ್ನೂ ಓದಿ, ಮುಖ್ಯವಾದದ್ದನ್ನು ಕತ್ತರಿಸಿ, ಅದರ ಅರ್ಥವೇನಿರಬಹುದೆಂದು ಬರೆಯುವುದು ಅವಳ ಕೆಲಸ. ವರ್ಷ ತುಂಬುವ ಹೊತ್ತಿಗೆ ಅವಳಿಗೆ ಗಡಿಯಾಚೆಯ ಊರುಗಳ ಹೆಣ್ಣು-ಗಂಡುಗಳ ಸಂಬಂಧ ನಮ್ಮ ನೆಂಟರಿಷ್ಟರದ್ದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ವಿಭಾಗದ ನಿರ್ದೇಶಕರನ್ನು ಕಿರಿಯರು ಬೆನ್ನ ಹಿಂದೆ ‘ಭೂಪಟ’ ಎನ್ನುತ್ತಿದ್ದರು. ಅವರ ಕೋಣೆಯ ಗೋಡೆ ತುಂಬ ಒಂದು ಭೂಪಟ, ಅದರ ತುಂಬ ಬಣ್ಣದ ತಲೆಯ ಗುಂಡುಸೂಜಿಗಳು. ಯಾರು ಬಂದರೂ ಅವರು ಎದ್ದು ಅದರ ಮುಂದೆ ನಿಂತು, ಕೈ ಹಿಂದೆ ಕಟ್ಟಿ, “ಪರಿಸ್ಥಿತಿ ಸೂಕ್ಷ್ಮವಾಗಿದೆ” ಎನ್ನುತ್ತಿದ್ದರು. ಕಸ ಗುಡಿಸುವಾಕೆ ಕೆಳಗೆ ಬಿದ್ದ ಸೂಜಿಗಳನ್ನು ಕೈಗೆಟುಕಿದಲ್ಲಿ ಚುಚ್ಚಿ ಹೋಗುತ್ತಿದ್ದುದರಿಂದ ಪಕ್ಕದ ದೇಶದ ನೌಕಾಪಡೆ ಕೆಲವು ತಿಂಗಳು ಬೆಟ್ಟದ ಮೇಲಿತ್ತು. ಪರಿಸ್ಥಿತಿ ಆಗಲೂ ಸೂಕ್ಷ್ಮವಾಗಿಯೇ ಇತ್ತು.

ಆ ಕಚೇರಿಗಳಿಗೆಲ್ಲ ಒಂದು ಪದ್ಧತಿಯಿತ್ತು. ಒಂದು ಸುದ್ದಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಾಗ, ಅದು ಯಾರಿಂದ ಬಂತೆಂಬುದನ್ನು ಅಳಿಸಿ ಕಳಿಸಬೇಕು, ಹೇಳಿದವರಿಗೆ ಅಪಾಯವಾಗಬಾರದಲ್ಲ! ಒಬ್ಬರು ಹೇಳಿದರೆ ಅದು ವದಂತಿ. ಇಬ್ಬರು ಹೇಳಿದರೆ ಮಾಹಿತಿ. ಮೂವರು ಬೇರೆಬೇರೆ ಕಡೆಯಿಂದ ಹೇಳಿದರೆ ದೃಢ. ದೃಢವಾದದ್ದು ನೇರವಾಗಿ ಮಂತ್ರಿಗಳ ಮೇಜಿಗೆ.

ಆದ್ರಮ್ಮನ ಕೆಲಸ ಕಾಯಂ ಆಗಲು ವರ್ಷದ ಕೊನೆಯಲ್ಲಿ ಭೂಪಟರು ಒಂದು ವರದಿ ಬರೆದು ಸಹಿ ಹಾಕಬೇಕಿತ್ತು. ಆ ಹೊತ್ತು ಹತ್ತಿರವಾಗುತ್ತಿದ್ದಾಗ ಅವಳ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಗಡಿಯಾಚೆಯ ಪಟ್ಟಣದ ಬೇಕರಿಯೊಂದಕ್ಕೆ ಬ್ರೆಡ್ಡು ಮಾಡುವವರು ಇಬ್ಬರು ಬೇಕು, ತಕ್ಷಣ ಬೇಕು. ಅಲ್ಲಿನ ಸೇನಾ ಶಿಬಿರಕ್ಕೆ ಬ್ರೆಡ್ಡು ಹೋಗುವುದು ಆ ಬೇಕರಿಯಿಂದಲೇ ಎಂದು ಅವಳಿಗೆ ಹಳೆಯ ಪತ್ರಿಕೆಯೊಂದರಿಂದ ಗೊತ್ತಿತ್ತು. ಇಬ್ಬರು ಹೊಸಬರು ಬೇಕೆಂದರೆ ಬ್ರೆಡ್ಡು ಹೆಚ್ಚು ಬೇಕು. ಬ್ರೆಡ್ಡು ಹೆಚ್ಚು ಬೇಕೆಂದರೆ ಸೈನಿಕರು ಹೆಚ್ಚಾಗಿರಬಹುದು. ಎಷ್ಟು ಹೆಚ್ಚು? ಇಬ್ಬರು ದಿನಕ್ಕೆ ಎಷ್ಟು ಸುಡಬಲ್ಲರೆಂಬುದನ್ನು ನಮ್ಮ ಬೀದಿಯ ಬೇಕರಿಯವನನ್ನು ಕೇಳಿಕೊಂಡಳು. ಒಬ್ಬ ಗಂಡಸು ದಿನಕ್ಕೆ ಎಷ್ಟು ತಿನ್ನುತ್ತಾನೆಂದು ತಿಳಿಯಲು ಅಡುಗೆಮನೆಗೆ ಹೋದಳು.

“ಅಮ್ಮ, ಅಪ್ಪ ದಿನಕ್ಕೆ ಎಷ್ಟು ಬ್ರೆಡ್ಡು ತಿಂತಾರೆ?”

“ಡಾಕ್ಟರ ಮುಂದೆ ಹೇಳೋ ಲೆಕ್ಕ ಬೇಕಾ, ನಿಜವಾದ್ದು ಬೇಕಾ?”

“ನಿಜವಾದ್ದು.”

“ಬೆಳಿಗ್ಗೆ ಚಹಾ ಜತೆ ನಾಲ್ಕು ಚೂರು. ನಾನು ಆ ಕಡೆ ತಿರುಗಿದ್ರೆ ಇನ್ನೆರಡು. ಸಂಜೆ ಅದೇ ಕತೆ.”

ಭಾವ ಹಜಾರದಿಂದಲೇ, “ಚೂರು ಅಂದ್ರೆ ನೀನು ಕೊಯ್ಯೋ ಚೂರು. ಅದರಲ್ಲಿ ಆಚೆ ಕಡೆ ಇರೋರ ಮುಖ ಕಾಣುತ್ತೆ” ಎಂದರು.

ಹೀಗೆ ಭಾಗಿಸಿ ಅವಳು ಬರೆದಳು: ಗಡಿಯಲ್ಲಿ ಸುಮಾರು ನಾಲ್ಕು ಸಾವಿರದ ಆರುನೂರು ಸೈನಿಕರು ಹೆಚ್ಚಾಗಿರುವ ಸಾಧ್ಯತೆಯಿದೆ, ಇದು ಊಹೆ, ಪರಿಶೀಲಿಸಬೇಕು. ಭೂಪಟರು ಓದಿ, “ವಿಶ್ಲೇಷಣೆ ಅಂದ್ರೆ ಇದು ಕಣಮ್ಮ!” ಎಂದು ಮೇಜು ಗುದ್ದಿದರು. ಎರಡು ಸೂಜಿ ಉದುರಿದವು. ಪರಿಶೀಲನೆಗೆಂದು ಅದನ್ನು ಒಂದೆರಡು ಕಡೆಗೆ ಕಳಿಸಿದರು, ಪದ್ಧತಿಯಂತೆ ಮೂಲ ಅಳಿಸಿ. ಅಕ್ಕ ಅಂದಿನಿಂದಲೇ ಕಾಯಂ ಆದ ಮೇಲೆ ಯಾರ್‍ಯಾರನ್ನು ಊಟಕ್ಕೆ ಕರೆಯಬೇಕೆಂದು ಬೆರಳು ಮಡಿಸತೊಡಗಿದಳು.

ಕೆಲವು ವಾರಗಳ ಬಳಿಕ ಒಂದು ಶುಕ್ರವಾರ ಮಧ್ಯಾಹ್ನ ತುರ್ತು ಸಭೆ. ಭೂಪಟರು ಗೋಡೆಯ ಮುಂದೆ, ಸೇನಾ ಕಚೇರಿಯ ಕರ್ನಲ್ ಕುರ್ಚಿಯಲ್ಲಿ, ಆದ್ರಮ್ಮ ಹಿಂದಿನ ಸಾಲಿನಲ್ಲಿ. ಅವಳ ಪಕ್ಕದಲ್ಲಿ ಅದೇ ಕೋಣೆಯಲ್ಲಿ ಅರ್ಧ ಆಯುಸ್ಸು ಕಳೆದಿದ್ದ, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿ.

“ಪರಿಸ್ಥಿತಿ ಸೂಕ್ಷ್ಮವಾಗಿದೆ” ಎಂದರು ಭೂಪಟರು. ಈ ಸಲ ದನಿಯಲ್ಲಿ ನಿಜವಾಗಿಯೂ ನಡುಕವಿತ್ತು. “ಗಡಿಯಲ್ಲಿ ಸೈನ್ಯ ಸೇರ್‍ತಾ ಇದೆ. ಸೇನಾ ಕಚೇರಿ ಹೇಳಿದೆ. ಮಿತ್ರದೇಶದ ರಾಯಭಾರಿ ಹೇಳಿದ್ದಾರೆ. ಗಡಿಯಾಚೆಯ ಪಟ್ಟಣದಲ್ಲಿರೋ ನಮ್ಮ ಪ್ರತಿನಿಧಿಯೂ ಹೇಳಿದ್ದಾರೆ. ಮೂರೂ ಕಡೆಯಿಂದ ಒಂದೇ ಸಂಖ್ಯೆ, ನಮ್ಮ ವಿಭಾಗದ ಲೆಕ್ಕವೇ ದೃಢವಾಯ್ತು. ನಾಲ್ಕು ಸಾವಿರದ ಆರುನೂರು. ಸೋಮವಾರ ಗಡಿ ಗೇಟು ಮುಚ್ಚಬೇಕು ಅಂತ ಇವತ್ತೇ ಮಂತ್ರಿಗಳಿಗೆ ಶಿಫಾರಸು ಹೋಗುತ್ತೆ.”

ಆದ್ರಮ್ಮ ಸಂಖ್ಯೆ ಕೇಳಿ ತಲೆಯೆತ್ತಿದಳು. ಜಗತ್ತಿನಲ್ಲಿ ಮೂವರಲ್ಲ, ಮುನ್ನೂರು ಜನ ಲೆಕ್ಕ ಹಾಕಿದರೂ ಆ ಸಂಖ್ಯೆಗೆ ಬರುವುದು ಸಾಧ್ಯವಿರಲಿಲ್ಲ. ಅದಕ್ಕೆ ಅವಳ ಅಪ್ಪನ ಹೊಟ್ಟೆಯೇ ಬೇಕಿತ್ತು.

ಅವಳು ಏಳಲು ಹೋದಾಗ ದೊಡ್ಡಕ್ಕ ಸೆರಗು ಹಿಡಿದೆಳೆದಳು. “ಕೂತ್ಕೊಳ್ಳೇ. ನಿನ್ನ ಕಾಯಂ ಕಾಗದ ಅವರ ಮೇಜಿನ ಮೇಲಿದೆ. ಸಹಿ ಬಿದ್ದ ಮೇಲೆ ಎಷ್ಟು ಬೇಕಾದ್ರೂ ಬಾಯಿ ಬಿಡು.”

“ಆದ್ರೆ ದೊಡ್ಡಕ್ಕ, ಗೇಟು ಮುಚ್ತಾರೆ!”

“ಮುಚ್ಲಿ ಬಿಡು, ಮತ್ತೆ ತೆಗೀತಾರೆ. ನೀನು ಕೆಲಸ ಕಳ್ಕೊಂಡ್ರೆ ಯಾರು ಕೊಡ್ತಾರೆ?”

ಆ ಗೇಟಿನಿಂದ ದಿನವೂ ತರಕಾರಿ ಲಾರಿ, ಆಸ್ಪತ್ರೆಗೆ ಹೋಗುವವರು, ಆಚೆ ಮದುವೆಯಾದ ಮಗಳನ್ನು ನೋಡಲು ಹೊರಟ ತಾಯಂದಿರು ಓಡಾಡುವುದನ್ನು ಅವಳು ವರ್ಷವಿಡೀ ಓದಿದ್ದಳು. ಇವರು ಗೇಟು ಮುಚ್ಚಿದರೆ ಆಚೆಯ ದೇಶದವರು ಹೆದರಿ ನಿಜವಾಗಿಯೂ ಸೈನ್ಯ ತರುತ್ತಾರೆ, ಆಗ ಈ ವರದಿ ಸರಿಯಾಗಿಬಿಡುತ್ತದೆ ಎಂಬುದೂ ಹೊಳೆಯಿತು. ಸೆರಗು ಬಿಡಿಸಿಕೊಂಡು ನಿಂತಳು.

“ಸಾರ್, ಆ ನಾಲ್ಕು ಸಾವಿರದ ಆರುನೂರು... ಅದು ನಮ್ಮಪ್ಪ.”

ಕರ್ನಲ್ ಕುರ್ಚಿಯಲ್ಲೇ ತಿರುಗಿದರು. “ನಿಮ್ಮಪ್ಪ ಯಾವ ರೆಜಿಮೆಂಟು?”

“ಬಸ್ ಸ್ಟ್ಯಾಂಡು ಸಾರ್.”

ಆಮೇಲೆ ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು: ಜಾಹೀರಾತು, ಬೀದಿ ಬೇಕರಿ, ನಾಲ್ಕು ಚೂರು, ಅಮ್ಮ ತಿರುಗಿದಾಗಿನ ಎರಡು ಚೂರು. “ಮೂರು ಕಡೆಯಿಂದ ಬಂದಿಲ್ಲ ಸಾರ್. ನಾನು ಬರೆದದ್ದೇ ಊರು ಸುತ್ತಿ ವಾಪಸ್ ಬಂದಿದೆ. ಊಹೆ ಅಂತ ಹಾಕಿದ್ದೆ, ಅದು ದಾರೀಲಿ ಎಲ್ಲೋ ಉದುರಿಹೋಗಿದೆ.”

ಭೂಪಟರ ಮುಖ ಮೊದಲು ಕೆಂಪಾಗಿ ಆಮೇಲೆ ಬೆಳ್ಳಗಾಯಿತು. ಅವರು ನಿಧಾನವಾಗಿ ಕರ್ನಲ್ ಕಡೆ ನೋಡಿದರು.

“ನಿಮಗೆ ಯಾರು ಹೇಳಿದ್ದು?”

ಕರ್ನಲ್ ಮೀಸೆ ನೇವರಿಸಿಕೊಂಡರು. “ಮೂಲ ಬಹಿರಂಗಪಡಿಸೋ ಹಾಗಿಲ್ಲ.”

“ನಾನೇ ತಾನೇ?”

“...ನಿಮ್ಮ ಕಚೇರಿಯಿಂದ್ಲೇ ಬಂದ ಹಾಗಿತ್ತು.”

“ಮಿತ್ರದೇಶದವರಿಗೆ?”

“ಒಂದು ಔತಣದಲ್ಲಿ ನಾನು ಸುಮ್ನೆ ಹಾಗೇ...” ಎಂದರು ಕರ್ನಲ್.

ಉಳಿದದ್ದು ಗಡಿ ಪಟ್ಟಣದ ಪ್ರತಿನಿಧಿ. ಫೋನು ಮಾಡಿ ದನಿ ಎಲ್ಲರಿಗೂ ಕೇಳುವಂತಿಟ್ಟರು. “ಸೈನಿಕರನ್ನ ನೀವು ಕಣ್ಣಾರೆ ನೋಡಿದ್ರೇನ್ರೀ?”

“ಇಲ್ಲ ಸಾರ್. ‘ನಾಲ್ಕು ಸಾವಿರದ ಆರುನೂರು ಜನ ಇದ್ದಾರಂತೆ, ನಿಜವೇ?’ ಅಂತ ರಾಜಧಾನಿಯಿಂದ ಕೇಳಿದ್ರಿ. ಅಷ್ಟು ಸರಿಯಾಗಿ ಸಂಖ್ಯೆ ಹಾಕಿ ಕೇಳಿದ ಮೇಲೆ ನಿಮಗೆ ಗೊತ್ತಿಲ್ದೆ ಇರುತ್ತಾ? ಅದಕ್ಕೇ ಹೌದು ಅಂದೆ.”

“ಮಾರಾಯ್ರೇ, ಈಗ ಹೋಗಿ ನೋಡಿ!”

ಅವರು ಹೋಗಿ ಬರುವವರೆಗೆ ಯಾರೂ ಕೋಣೆ ಬಿಟ್ಟು ಹೋಗಲಿಲ್ಲ. ದೊಡ್ಡಕ್ಕ ಕಣ್ಣುಮುಚ್ಚಿ ಏನೋ ಗುನುಗುತ್ತಿದ್ದಳು. ಫೋನು ಮತ್ತೆ ಬಡಿದುಕೊಂಡಿತು. ಶಿಬಿರದಲ್ಲಿ ಅರ್ಧ ಜನ ರಜೆ ಮೇಲೆ ಹೋಗಿದ್ದರು. ಅಂಗಳದಲ್ಲಿ ಉಳಿದವರು ಬಟ್ಟೆ ಒಗೆದು ಒಣಹಾಕುತ್ತಿದ್ದರು. ಬೇಕರಿಯ ಇಬ್ಬರು ಕೆಲಸಗಾರರು ಮಾಲೀಕನೊಡನೆ ಜಗಳವಾಡಿ, ಎದುರುಗಡೆಯೇ ತಮ್ಮ ಅಂಗಡಿ ತೆರೆದಿದ್ದರು. ಅದಕ್ಕೇ ಜಾಹೀರಾತು.

“ಸಾರ್, ಹೊಸ ಅಂಗಡಿ ಬ್ರೆಡ್ಡೇ ಮೆತ್ತಗಿದೆ” ಎಂದೂ ಪ್ರತಿನಿಧಿ ಸೇರಿಸಿದರು.

ಭೂಪಟರು ಕುರ್ಚಿಗೆ ಕುಸಿದರು. ಶಿಫಾರಸಿನ ಕಾಗದವನ್ನು ಎತ್ತಿ ನಾಲ್ಕು ಚೂರು ಮಾಡಿದರು, ಆಮೇಲೆ ಇನ್ನೆರಡು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, “ನನಗೆ ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಸಂಕಟ. ಯುದ್ಧ ಶುರುವಾದ್ರೆ ಮೊದಲು ನನ್ನನ್ನೇ ಕೇಳ್ತಾರೆ ಅಂತ” ಎಂದರು. ಆ ಕೋಣೆಯಲ್ಲಿ ಅವರಾಡಿದ ಮೊದಲ ಸಾದಾ ಮಾತು ಅದು. ಕರ್ನಲ್ ಕೂಡ ಕಾಲರಿನ ಗುಂಡಿ ಬಿಚ್ಚಿ, ಯಾರಾದರೂ ಚಹಾ ತರಿಸುವಿರಾ ಎಂದು ಕೇಳಿದರು.

ಎಲ್ಲರೂ ಹೋದ ಮೇಲೆ ಭೂಪಟರು ಆದ್ರಮ್ಮನನ್ನು ನಿಲ್ಲಿಸಿಕೊಂಡರು. ಅವಳು ಮನಸ್ಸಿನಲ್ಲೇ ಮೇಜಿನ ಸಾಮಾನು ಕಟ್ಟಿಯಾಗಿತ್ತು.

“ಸಭೆ ಮಧ್ಯೆ ಎದ್ದು ನಿಂತು ಹೀಗೆ ಮಾನ ತೆಗೆಯೋದು ಸರಿನಾ? ಒಂದು ಚೀಟಿ ಕಳಿಸಬಹುದಿತ್ತು.”

“ಆದ್ರೆ ಸಾರ್, ಅದು ಸಂಜೆ ಮಂತ್ರಿಗಳಿಗೆ ಹೋಗ್ತಿತ್ತು.”

“ಹೋಗ್ತಿತ್ತು” ಎಂದು ಅವರು ಒಪ್ಪಿಕೊಂಡರು. ಪೆನ್ನು ತೆಗೆದು ಅವಳ ಕಾಯಂ ಕಾಗದದ ಮೇಲೆ ಬಹಳ ಹೊತ್ತು ಯೋಚಿಸಿ ಒಂದು ಸಾಲು ಬರೆದು ಸಹಿ ಹಾಕಿದರು. ಆ ಸಾಲು ಹೀಗಿತ್ತು: “ಎದುರು ಮಾತಾಡುವ ಸ್ವಭಾವ. ಇಟ್ಟುಕೊಳ್ಳುವುದು ಕ್ಷೇಮ.”

ಸೋಮವಾರ ಬೆಳಿಗ್ಗೆ ಗಡಿಯಿಂದ ಎಂದಿನ ವರದಿ ಬಂತು. ವಿಶೇಷವೇನೂ ಇಲ್ಲ, ಗೇಟಿನಲ್ಲಿ ಲಾರಿಗಳ ಸಾಲು ಉದ್ದವಿದೆ, ಡ್ರೈವರುಗಳು ಸಿಬ್ಬಂದಿಯನ್ನು ಬೈಯುತ್ತಿದ್ದಾರೆ. ಅದು ಬರುವವರೆಗೆ ಮನೆಯಲ್ಲಿ ಏನೂ ಹೇಳದೆ, ಸರಿಯಾಗಿ ನಿದ್ದೆಯೂ ಮಾಡದೆ ಇದ್ದ ಅವಳು ಅದನ್ನು ಮೂರು ಸಲ ಓದಿ, ಅರ್ಧ ದಿನ ರಜೆ ಬರೆದುಕೊಟ್ಟು, ಮನೆಗೆ ಬಂದು ಮಲಗಿಬಿಟ್ಟಳು. ನಾನಾಗ ಅಲ್ಲೇ ಇದ್ದೆ. ನಡು ಮಧ್ಯಾಹ್ನ ಹೊದ್ದು ಮಲಗಿದ ಮಗಳನ್ನು ಕಂಡು ಅಕ್ಕ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ವಲ್ಲೇ. ಏನಾಯ್ತು? ತೆಗೆದುಬಿಟ್ರಾ?”

“ಕಾಯಂ ಆಯ್ತಮ್ಮ” ಎಂದಿತು ಹೊದಿಕೆಯೊಳಗಿನ ದನಿ. “ನಿದ್ದೆ ಮಾಡೋಕೆ ಬಿಡು.”

ಅಕ್ಕ ಬಿಡಲಿಲ್ಲ. ಹೊದಿಕೆ ಸಮೇತ ಅವಳನ್ನು ತಬ್ಬಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅಳತೊಡಗಿದಳು.