ರಿಮೋಟಿನ ಅಂಗಿ

ಬ್ಯಾಡಗಿಯ ಮನೆಯಲ್ಲಿ ಸ್ಟ್ರೀಮಿಂಗ್ ಸ್ಟಿಕ್ಕಿನ ರಿಮೋಟ್ ಕೆಟ್ಟಿದೆಯೆಂದು ಅವ್ವ ಕರೆದಳು. ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿನಿಂದ ಹೋದೆ. ನೋಡಿದರೆ, ರಿಮೋಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಹಾಕಿದ್ದಳು.

“ಇದಕ್ಕ್ಯಾಕ ಅಂಗಿ? ಹಿಂಗ ಮಾಡಿದ್ರ ಕೆಡದ ಏನಾಗತೈತಿ?” ಎಂದು ರೇಗಿ ಚೀಲ ಕಿತ್ತೊಗೆದೆ. ಸೆಲ್ ಮುಗಿದಿತ್ತು, ಅಷ್ಟೇ. ಹೊಸದು ಹಾಕಿ, ಬಟನ್ ಒತ್ತಿ ಹಿಡಿದು ಟಿವಿಗೆ ಜೋಡಿಸಿದೆ. ಬೈದದ್ದನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ಮಧ್ಯಾಹ್ನ ಅವ್ವ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ರಿಮೋಟ್ ಒತ್ತಿ ಧಾರಾವಾಹಿ ಹಚ್ಚಿದಳು. ಅದು ಮುಗಿದು ಅವಳು ಮೆಣಸಿನಕಾಯಿ ಎತ್ತಿಕೊಂಡು ಹಿತ್ತಲಿಗೆ ಹೋದ ಮೇಲೆ ಅದೇ ರಿಮೋಟನ್ನು ನಾನು ಮಗಳ ಕೈಗೆ ಕೊಟ್ಟೆ. ತುಸು ಹೊತ್ತಿಗೆ ಕೂಸು ಕಣ್ಣುಜ್ಜಿಕೊಂಡು ಚೀರಿತು.

ಓಡಿ ಬಂದ ಅವ್ವ ಮೊಮ್ಮಗಳನ್ನು ಮುಟ್ಟಲಿಲ್ಲ. ಖಾರದ ಕೈಗಳನ್ನು ಬೆನ್ನಹಿಂದೆ ಹಿಡಿದು ನಿಂತಳು.

“ನೀನ ಎತ್ಕೊಳ್ಳಪಾ. ಕೂಸಿಗೆ ರಿಮೋಟ್ ಕೊಡೂ ಮುಂದ ಚೀಲ ತಗದು ಕೊಡತಿದ್ದೆ ನಾನು.”