ಎಣ್ಣೆ ಸಂಜೀವಪ್ಪನ ಮೂಗು

ಹಲಸೂರು ಬಜಾರಿನ ಸಂಜೀವಪ್ಪ ಡಬ್ಬಿಯ ಮೇಲಿನ ಚೀಟಿಯನ್ನು ಎಂದೂ ನಂಬಿದವನಲ್ಲ. ಒಂದು ತೊಟ್ಟು ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಬೆಚ್ಚಗಾಗುವವರೆಗೆ ಉಜ್ಜಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಕಡಲೆಕಾಯಿ ಎಣ್ಣೆಗೆ ಪಾಮೋಲಿನ್ ಬೆರೆಸಿದ್ದರೆ ಅವನ ಮೂಗು ಹೇಳಿಬಿಡುತ್ತಿತ್ತು. ಮೂವತ್ತು ವರ್ಷ ಅಂಗಡಿ ನಿಂತದ್ದು ಆ ಮೂಗಿನ ಮೇಲೆಯೇ.

ಎರಡು ಸಾವಿರದ ಏಳರಲ್ಲಿ ಅವನ ಅಣ್ಣ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅಣ್ಣನನ್ನು ನೋಡಿದ್ದ ಡಾಕ್ಟರ್ ಶ್ರೀನಾಥ್ ತಮ್ಮನನ್ನೂ ಕರೆಸಿದರು. ಮೂಗಿನಿಂದ ಹೊಟ್ಟೆಗೆ ಇಳಿಸುವ, ತುದಿಯಲ್ಲಿ ಕ್ಯಾಮೆರಾ ಇರುವ ತೆಳುವಾದ ಕೊಳವೆಗಳು ಎರಡು ಕಂಪನಿಗಳಿಂದ ಬಂದಿವೆ, ಪ್ರಜ್ಞೆ ತಪ್ಪಿಸದೆಯೇ ನೋಡಬಹುದು, ಯಾವುದು ಮೇಲೆಂದು ಹೋಲಿಸುತ್ತಿದ್ದೇವೆ, ನಿಮಗೆ ಖರ್ಚಿಲ್ಲ ಎಂದರು.

ಆ ಕೊನೆಯ ಮಾತೇ ಸಂಜೀವಪ್ಪನಿಗೆ ಕಮಟು ಹೊಡೆಯಿತು.

"ಪುಕ್ಸಟ್ಟೆ ಅಂದ್ರೆ ಒಳಗೇನೋ ಐತೆ," ಎಂದ ಹೆಂಡತಿ ಚಿಕ್ಕಮುನಿಯಮ್ಮನಿಗೆ. "ಪೈಪ್ ತುರುಕಿ ವಾಸ್ನೆ ಹೊರಟೋದ್ರೆ? ಅಂಗಡಿ ಮುಚ್ಚಬೇಕಾಗ್ತದೆ."

"ನಿಮ್ಮಣ್ಣಂಗಿದ್ದಿದ್ದೇ ನಿನಗೂ ಇದ್ರೆ? ಬರೀ ಮೂಗಿಟ್ಕೊಂಡು ಯಾರಿಗೆ ಎಣ್ಣೆ ಮಾರ್ತೀಯಾ?"

ಹೋಗಲು ಒಪ್ಪಿದ. ಆದರೆ ಕೊಳವೆ ಜಾರಲೆಂದು ಹಚ್ಚುವ ಆಸ್ಪತ್ರೆಯ ಜೆಲ್ಲಿಯಲ್ಲಿ ಏನು ಬೆರೆತಿದೆಯೋ! ಹೊರಡುವ ಮುನ್ನ ತಾನೇ ಆರಿಸಿಟ್ಟಿದ್ದ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಎರಡೂ ಹೊಳ್ಳೆಗೆ ಬಿಟ್ಟುಕೊಂಡ. ಮೂಗಿಗೆ ಏನಾದರೂ ಹಾಕಿಕೊಂಡಿದ್ದೀರಾ ಎಂದು ಸಿಸ್ಟರ್ ಕೇಳಿದಾಗ ಇಲ್ಲವೆಂದ.

ಮೂಗನ್ನು ಮರಗಟ್ಟಿಸಿ, ಎಡಮಗ್ಗುಲಿಗೆ ಮಲಗಿಸಿ ಕೊಳವೆ ಇಳಿಸಿದರು. ಅವನಿಗೆ ಪೂರ್ತಿ ಎಚ್ಚರವಿತ್ತು. ಎದುರಿನ ಟಿವಿಯಲ್ಲಿ ತನ್ನದೇ ಹೊಟ್ಟೆ ಮಂಜು ಕವಿದ ಕೆರೆಯಂತೆ ಕಾಣುತ್ತಿತ್ತು.

"ನೀರು ಬಿಟ್ರೂ ಕ್ಲಿಯರ್ ಆಗ್ತಿಲ್ಲ," ಎಂದರು ಡಾಕ್ಟರ್. "ಈ ಕಂಪನಿದು ಪಿಕ್ಚರ್ರೇ ಮಂಕು. ಹಾಗೇ ಬರ್ಕೊಳ್ಳಿ ಸಿಸ್ಟರ್. ಏನೂ ಕಾಣ್ತಿಲ್ಲ, ಮುಗಿಸೋಣ."

ಏನೂ ಕಾಣ್ತಿಲ್ಲ. ಸಂಜೀವಪ್ಪನ ಎದೆ ಒಂದು ಗಳಿಗೆ ಹಗುರಾಯಿತು. ಮರುಗಳಿಗೆ ಅನುಮಾನ ಬಂತು. ಕಾಣುತ್ತಿಲ್ಲವೆಂದರೆ ಇಲ್ಲವೆಂದಲ್ಲ. ಅಲ್ಲದೆ ಯಾರದೋ ಮಾಲಿಗೆ ಕೆಟ್ಟ ಹೆಸರು ಬರುತ್ತಿದೆ, ಬೆರೆಸಿದವನು ತಾನು.

"ಬರೀಬೇಡಿ ಸಾ." ಕೊಳವೆ ಮೂಗಿನಲ್ಲಿದ್ದುದರಿಂದ ಬಾಯಿಗೆ ಅಡ್ಡಿಯಿರಲಿಲ್ಲ. "ಎಳ್ಳೆಣ್ಣೆ ಬಿಟ್ಕೊಂಡಿದ್ದೆ."

"ಎಷ್ಟು ಬಿಟ್ಕೊಂಡ್ರಿ?"

"ಹೊಳ್ಳೆಗೆ ನಾಲ್ಕ್ ನಾಲ್ಕು ತೊಟ್ಟು."

"ಸಾಸಿವೆನೂ ತಂದಿದ್ರೆ ಒಗ್ಗರಣೆ ಹಾಕ್ಬೋದಿತ್ತು ಯಜಮಾನ್ರೇ," ಎಂದರು ಸಿಸ್ಟರ್. ಡಾಕ್ಟರ್ ನಗಲಿಲ್ಲ.

ಕೊಳವೆ ಹೊರತೆಗೆದು, ತುದಿಯ ಗಾಜು ಒರೆಸಿ, ಮೂಗು ಶುಚಿ ಮಾಡಿ ಮತ್ತೆ ಇಳಿಸಿದರು. ಈಗ ಹೊಟ್ಟೆಯ ಗೋಡೆ ಮಡಿಕೆ ಮಡಿಕೆಯಾಗಿ ಕಂಡಿತು. ಒಂದು ಮಡಿಕೆಯ ಬದಿಯಲ್ಲಿ ಕಡಲೆಬೇಳೆ ಗಾತ್ರದ ಪೇಲವವಾದ ಕಲೆ. ಅಲ್ಲಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು.

ವಾರದ ನಂತರ ಡಾಕ್ಟರ್ ಹೇಳಿದರು: "ಅದೇ ಕಾಯಿಲೆ. ಆದ್ರೆ ಮೇಲ್ಪದರದಲ್ಲೇ ಇರೋ ಹಾಗಿದೆ. ಈಗ್ಲೇ ತೆಗೆದ್ಬಿಟ್ರೆ ವಾಸಿಯಾಗೋ ಸಾಧ್ಯತೆ ಹೆಚ್ಚು."

ಚಿಕ್ಕಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಜೀವಪ್ಪ ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದ್ ಕಂಪನಿ ಪೈಪಲ್ಲೂ ಒಂದ್ಸಲ ನೋಡ್ಬಿಡಿ ಸಾ. ಒಂದೇ ತಕ್ಕಡಿ ನಂಬೋನಲ್ಲ ನಾನು."

ಡಾಕ್ಟರ್ ಒಪ್ಪಿದರು. ಎರಡನೆಯ ಕೊಳವೆ ಕೊಂಚ ದಪ್ಪವಿತ್ತು. ಹೊಳ್ಳೆ ಉರಿದು ಕಣ್ಣಲ್ಲಿ ನೀರು ಬಂತು. ಟಿವಿಯಲ್ಲಿ ಕಲೆ ಅದೇ ಮಡಿಕೆಯ ಬದಿಯಲ್ಲಿತ್ತು. ಸಂಜೀವಪ್ಪ ಅದನ್ನೇ ದಿಟ್ಟಿಸಿದ.

"ಯಾವತ್ತು ತೆಗೀತೀರಾ ಸಾ?" ಎಂದು ಕೇಳಿದ.